ಶಿವಲಿಂಗವ್ವನಿಗೆ ಕೊಟ್ಟ ಮಾತು

"ಎಡಗೈ," ಎಂದು ಬಾಳಪ್ಪ ಮೊದಲು ಬಾಯಲ್ಲಿ ಹೇಳಿದ. ಆಮೇಲೆ ತನ್ನ ಎಡಗೈಯನ್ನೇ ಎತ್ತಿ ತೋರಿಸಿದ.

ಸತ್ತವರನ್ನು ಸಿದ್ಧಗೊಳಿಸಿಕೊಡುವ ಫ್ಯೂನರಲ್ ಹೋಮಿನ ಹೆಂಗಸಿಗೆ ತಿಳಿಯಿತು. ಪೆಟ್ಟಿಗೆಯಲ್ಲಿ ಮಲಗಿದ್ದ ಶಿವಲಿಂಗವ್ವನ ಎಡಗೈಯನ್ನು ಸೆರಗಿನ ಕೆಳಗಿನಿಂದ ಮೆಲ್ಲಗೆ ತೆಗೆದು, ಎದೆಯ ಮೇಲಿಟ್ಟು ಹಿಂದೆ ಸರಿದಳು. ಬಾಳಪ್ಪ ಹೆಂಡತಿಯ ಹಣೆಗೆ ವಿಭೂತಿ ಬಳಿದ. ಕೊರಳಲ್ಲಿದ್ದ ಇಷ್ಟಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು, ಜಾರದ ಹಾಗೆ ಬಿಳಿ ಅರಿವೆಯಿಂದ ಕಟ್ಟಿದ. ಅವರು ಲಿಂಗಾಯತರು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೈಯಲ್ಲಿ ಲಿಂಗ ಕೊಟ್ಟು, ಕುಣಿಯಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಈ ದೇಶದಲ್ಲಿ ಕೂರಿಸಲಿಕ್ಕಾಗುವುದಿಲ್ಲ, ಮಲಗಿಸಿಯೇ ಹೂಳಬೇಕಾಗುತ್ತದೆ ಎಂದು ಮಗ ಹಿಂದೆಯೇ ಹೇಳಿದ್ದ, ಗಂಡ ಹೆಂಡತಿ ಇಬ್ಬರೂ ಅದಕ್ಕೆ ಒಪ್ಪಿದ್ದರು. ಬಂದ ಊರಲ್ಲಿ ಅಷ್ಟೂ ಹೊಂದಿಕೊಳ್ಳದಿದ್ದರೆ ಹೇಗೆ?

ಬಾಳಪ್ಪ ಬಗ್ಗಿ ಹೆಂಡತಿಯ ಕಿವಿಯ ಹತ್ತಿರ ಬಾಯಿ ಒಯ್ದ.

"ಹೊಂಟೀವಿ ನೋಡು. ನೀ ಹೇಳಿದ ಜಾಗಕ್ಕ ಒಯ್ತೀವಿ. ಅಂಜಬ್ಯಾಡ."

ಗೋಡೆಗೆ ಒರಗಿ ಅಳುತ್ತಿದ್ದ ಮಗಳು ಶ್ರೀದೇವಿ, ಆ ಮಾತು ಕೇಳಿ ಇನ್ನಷ್ಟು ಅತ್ತಳು. ಹಿಂದಿನ ಸಂಜೆಯಷ್ಟೇ ಮೆಲ್ಬರ್ನ್‌ನಿಂದ ಬಂದಿದ್ದಳು. ಅಪ್ಪನ ತೋಳು ಹಿಡಿದು ಹೊರಗಿನ ಕಾರಿಡಾರಿನಲ್ಲಿ ಕೂರಿಸಿ, ನೀರು ಕೊಟ್ಟು, ಅವ್ವನ ಸೀರೆಯ ನೆರಿಗೆ ಸರಿಮಾಡಬೇಕೆಂದು ಮತ್ತೆ ಒಳಗೆ ಬಂದಳು. ನೋಡಿದರೆ ಅಣ್ಣ ವಿರುಪಾಕ್ಷ ಅದೇ ಎಡಗೈಗೆ ಕಟ್ಟಿದ್ದ ಅರಿವೆಯನ್ನು ಬಿಚ್ಚುತ್ತಿದ್ದ.

"ಏನ್ ಮಾಡಾಕತ್ತೀ ಅಣ್ಣಾ?"

ಕಲ್ಲು, ಲೋಹ ಏನೂ ಇರಬಾರದಂತೆ ಎಂದ ವಿರುಪಾಕ್ಷ, ತಿರುಗಿ ನೋಡದೆ. ಯಾಕೆ ಇರಬಾರದು ಎಂದು ಇವಳು ಕೇಳಿದಳು. ಅವನು ಅರಿವೆ ಬಿಚ್ಚುತ್ತಲೇ ಇದ್ದ. ಭಾಷೆ ತಿಳಿಯದಿದ್ದರೂ ಇವಳ ಮುಖ ನೋಡಿ, ಮನೆಯವರಿಗೆಲ್ಲ ಗೊತ್ತೇ ಇರುತ್ತದೆ ಎಂದುಕೊಂಡ ಫ್ಯೂನರಲ್ ಹೋಮಿನ ಹೆಂಗಸೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಕ್ರಿಮೇಶನ್ ಇದ್ದಾಗ, ದೇಹವನ್ನು ಸುಡುವಾಗ, ಇಂಥವನ್ನು ಮೊದಲೇ ತೆಗೆಯಬೇಕು, ಅದು ಪದ್ಧತಿ, ಬೇಸರ ಮಾಡಿಕೊಳ್ಳಬೇಡಿ ಎಂದಳು. ಶ್ರೀದೇವಿ ಪೆಟ್ಟಿಗೆಯ ಅಂಚು ಹಿಡಿದುಕೊಂಡು ನಿಂತಳು.

* * *

ಶಿವಲಿಂಗವ್ವ ದೊಡ್ಡ ಬಾಳೇನೂ ಬಾಳಿದವಳಲ್ಲ. ಸವದತ್ತಿ ಕಡೆಯ ಹುಡುಗಿ, ಧಾರವಾಡದ ಬಸ್ ಕಂಡಕ್ಟರನ ಹೆಂಡತಿ. ಗಂಡ ಹುಬ್ಬಳ್ಳಿ, ಬೆಳಗಾವಿ ಎಂದು ಊರೂರು ತಿರುಗುತ್ತಿದ್ದಾಗ ಇಬ್ಬರು ಮಕ್ಕಳನ್ನು ಓದಿಸಿದಳು, ಬಿಡುವಾದಾಗ ಹಳೆಯ ಸೀರೆ ಹರಿದು ಕೌದಿ ಹೊಲಿದಳು, ಅಷ್ಟೆ. ಮಗಳ ಬಾಣಂತನಕ್ಕೆಂದು ಗಂಡನ ಜೊತೆ ಮೆಲ್ಬರ್ನ್ ಹತ್ತಿರದ ವೆರಿಬೀಗೆ ಬಂದಳು. ಆಮೇಲೆ ಮಗ ಕರೆದನೆಂದು ಸಿಡ್ನಿಯ ರೌಸ್ ಹಿಲ್‌ಗೆ ಬಂದು ನೆಲೆ ನಿಂತಳು.

ಈ ದೇಶದಲ್ಲಿ ಅವಳಿಗಿದ್ದ ಹೆದರಿಕೆ ಒಂದೇ. ಇಲ್ಲಿ ಸತ್ತರೆ ಸುಟ್ಟುಬಿಡುತ್ತಾರೆ ಎಂಬುದು. ವೆರಿಬೀಯಲ್ಲಿದ್ದಾಗ ಪರಿಚಯದ ತೆಲುಗು ಮುದುಕನೊಬ್ಬ ತೀರಿಕೊಂಡು, ಅವನನ್ನು ಪೆಟ್ಟಿಗೆ ಸಮೇತ ಒಲೆಗೆ ಕಳಿಸಿದ್ದನ್ನು ನೋಡಿ ಬಂದಿದ್ದಳು. ಅಂದಿನಿಂದ ಒಂದು ಕೆಮ್ಮು ಬಂದರೂ ಸಾಕು, ಧಾರವಾಡಕ್ಕೆ ಟಿಕೆಟ್ ಬುಕ್ ಮಾಡು ಎಂದು ಮಗಳ ಬೆನ್ನು ಬೀಳುತ್ತಿದ್ದಳು. ಮನೆಯವರು ನಗುತ್ತಿದ್ದರು. ಅವಳಿಗೆ ಅದು ನಗೆಯ ಮಾತಾಗಿರಲಿಲ್ಲ.

ರೌಸ್ ಹಿಲ್‌ನಲ್ಲಿ ಪಕ್ಕದ ಮನೆಯಾಕೆ ನೋರೀನ್. ಗಂಡ ಸತ್ತು ಒಬ್ಬಳೇ ಇದ್ದ ಆಸ್ಟ್ರೇಲಿಯದ ಮುದುಕಿ. ಶಿವಲಿಂಗವ್ವ ಬೇಲಿಯ ಮೇಲೆ ಒಣಹಾಕಿದ್ದ ಕೌದಿಯನ್ನು ಆಕೆ ಒಂದು ದಿನ ನಿಂತು ನೋಡಿದಳು. ಮುಂದಿನ ಚಂದ ನೋಡಿ ಹೋಗಲಿಲ್ಲ, ಮಗುಚಿ ಹಿಂದಿನ ಹೊಲಿಗೆ ನೋಡಿದಳು. ಹಿಂದಿನ ಹೊಲಿಗೆ ನೋಡುವವಳು ಸೂಜಿ ಹಿಡಿದವಳೇ ಸೈ ಎಂದು ಶಿವಲಿಂಗವ್ವನಿಗೆ ಖಾತ್ರಿಯಾಯಿತು, ಒಳಗೆ ಕರೆದು ಚಹಾ ಕೊಟ್ಟಳು. ಆಮೇಲೆ ಪ್ರತಿ ಗುರುವಾರ ನೋರೀನಳ ಜೊತೆ ಕಮ್ಯುನಿಟಿ ಹಾಲಿಗೆ. ಅಲ್ಲಿ ಹತ್ತಾರು ಮುದುಕಿಯರು ಬಟ್ಟೆಯ ಚೂರು ಜೋಡಿಸಿ ಹೊದಿಕೆ ಹೊಲಿಯುತ್ತಾ ಕೂರುತ್ತಿದ್ದರು. ಅವರು ಇಂಗ್ಲಿಷಿನಲ್ಲಿ, ಇವಳು ಧಾರವಾಡದ ಕನ್ನಡದಲ್ಲಿ, ಎಲ್ಲರೂ ಜೋರಾಗಿಯೇ ಮಾತಾಡುತ್ತಿದ್ದರು. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಎಂದು ಬಾಳಪ್ಪ ಹೆಂಡತಿಯನ್ನು ಕಾಡಿಸುತ್ತಿದ್ದ. ಹತ್ತು ವರ್ಷದಿಂದ ಈ ದೇಶದಲ್ಲಿದ್ದ ಮಗನ ಮನೆಗೆ ಬರುತ್ತಿದ್ದವರೆಲ್ಲ ಕನ್ನಡ ಸಂಘದವರೇ. ನೆರೆಮನೆಯವರ ಹೆಸರು ಅವನಿಗೆ ಗೊತ್ತಾದದ್ದು ತಾಯಿಯಿಂದ.

ಒಂದು ಭಾನುವಾರ ನೋರೀನ್ ಗಂಡ ಹೆಂಡತಿ ಇಬ್ಬರನ್ನೂ ತನ್ನ ಕಾರಿನಲ್ಲಿ ಕೂರಿಸಿಕೊಂಡು ಗಂಡ ಡೆನ್ನಿಸನ ಸಮಾಧಿಗೆ ಕರೆದುಕೊಂಡು ಹೋದಳು. ನೀಲಗಿರಿ ಮರಗಳ ಕೆಳಗೆ ಹಳೆಯ ಸ್ಮಶಾನ. ಶಿವಲಿಂಗವ್ವ ಬೆರಗಾಗಿ ಸುತ್ತ ನೋಡಿದಳು. ಆಮೇಲೆ ಸೆರಗು ಕಟ್ಟಿ ಕೂತು ಕಲ್ಲಿನ ಸುತ್ತಲ ಕಳೆ ಕಿತ್ತಳು, ಕಲ್ಲಿಗೆ ಮೂರು ಬೆರಳಿನ ವಿಭೂತಿಯನ್ನೂ ಎಳೆದಳು. ಬಾಳಪ್ಪನಿಗೆ ಗಾಬರಿಯಾಯಿತು, ನೋರೀನ್ ಮಾತ್ರ ತಲೆದೂಗಿದಳು. ಎದ್ದು ನಿಂತ ಶಿವಲಿಂಗವ್ವ ಡೆನ್ನಿಸನ ಪಕ್ಕದ ಖಾಲಿ ನೆಲವನ್ನು ಕಾಲಲ್ಲಿ ತಟ್ಟಿ ತನ್ನ ಎದೆ ಮುಟ್ಟಿಕೊಂಡಳು. ನೋರೀನಳಿಗೆ ತಿಳಿಯಿತು. ಇದಕ್ಕೆ ಇಂಗ್ಲಿಷ್ ಏನೂ ಬೇಕಾಗಲಿಲ್ಲ.

"ಇವರೂ ನಮ್ಮಂಗ ಮಣ್ಣು ಕೊಡತಾರ," ಎಂದಳು ಶಿವಲಿಂಗವ್ವ, ವಾಪಸು ಬರುವಾಗ ಗಂಡನಿಗೆ. "ಹಂಗಾದ್ರ ಇಲ್ಲಿ ಸಾಯಾಕ ಏನೂ ಹರಕತ್ತಿಲ್ಲ ಬಿಡು."

ಅಂದು ಊಟಕ್ಕೆ ಕೂತಾಗ ಮಗನಿಗೆ ವಿಷಯ ಹೇಳಿದಳು. ನನ್ನನ್ನು ಸುಡಬ್ಯಾಡ, ಅಲ್ಲಿ ಮಣ್ಣು ಕೊಡು ಎಂದಳು. ವಿರುಪಾಕ್ಷ ರೊಟ್ಟಿ ಮುರಿಯುತ್ತಾ, ಆತವ್ವ, ಹಂಗ ಮಾಡೋಣು ಎಂದ. ಆಣೆ ಮಾಡು ಎಂದು ಅವಳು ಕೇಳಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಮಾತಿಗೆ ಆಣೆ ಯಾಕೆ? ಆ ದಿನದಿಂದ ಧಾರವಾಡದ ಟಿಕೆಟ್ಟಿನ ಮಾತು ನಿಂತುಹೋಯಿತು. ಮುಂದೆ ಕಾಯಿಲೆ ಬಿದ್ದು, ಅದು ಬಲಿತಾಗ, ಬೇಕಾದರೆ ಈಗಲೇ ಊರಿಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರೇ ಹೇಳಿದರೂ ಅವಳು ಒಲ್ಲೆ ಎಂದಳು. ತನ್ನ ಜಾಗ ಇಲ್ಲೇ ಇದೆ ಎಂದಳು.

* * *

ಫ್ಯೂನರಲ್ ಹೋಮಿನ ಹಿಂಬಾಗಿಲ ಹತ್ತಿರ ಅಣ್ಣ ತಂಗಿ ತಗ್ಗಿದ ದನಿಯಲ್ಲಿ ಜಗಳವಾಡಿದರು. ನಡೆದದ್ದು ಇಷ್ಟು. ತಾಯಿ ತೀರಿಕೊಂಡ ಕೂಡಲೇ ವಿರುಪಾಕ್ಷ ಫೋನ್ ಮಾಡಿದ್ದು ಸಂಘದ ಭಾಸ್ಕರನಿಗೆ. ಬೆಂಗಳೂರಿನ ಭಾಸ್ಕರ ಬಹಳ ಒಳ್ಳೆಯ ಮನುಷ್ಯ. ಕನ್ನಡದವರ ಗೃಹಪ್ರವೇಶ, ಆಸ್ಪತ್ರೆ, ಸಾವು ಎಲ್ಲವೂ ಅವನ ಫೋನಿನಲ್ಲೇ ಓಡುತ್ತವೆ. ಶುಕ್ರವಾರ ಮಧ್ಯಾಹ್ನ ಕ್ರಿಮೇಶನ್ ಸ್ಲಾಟ್ ಖಾಲಿ ಇದೆ, ಬುಕ್ ಮಾಡಲಾ ಎಂದು ಅವನು ಕೇಳಿದ. ಹಿಂದೂಗಳೆಂದರೆ ಸುಡುವವರೇ ಎಂದು ಅವನು ತಿಳಿದಿದ್ದ, ಅಲ್ಲಿಯವರೆಗೆ ಅವನು ಕಂಡವರೆಲ್ಲ ಹಾಗೇ ಮಾಡಿದ್ದರು. ವಿರುಪಾಕ್ಷ ಹೂಂ ಎಂದ.

ಆ ಹೂಂ ಅಳುವಿನ ಭರದಲ್ಲಿ ಬಂದದ್ದು ಎಂದು ಬಿಡಬಹುದಿತ್ತು. ಆದರೆ ಅಂದು ಸಂಜೆ ಅಳು ನಿಂತಿತ್ತು, ಮರುದಿನವೂ ಫೋನ್ ಕೈಯಲ್ಲೇ ಇತ್ತು. ಅವನು ತಿದ್ದಲಿಲ್ಲ. ಅದಕ್ಕೊಂದು ಕಾರಣವಿತ್ತು, ಕೇಳಿದರೆ ಥೂ ಅನ್ನಬೇಕು ಅಂಥದ್ದು. ಪೆಂಡಲ್ ಹಿಲ್‌ನ ಹೋಟೆಲಿನಲ್ಲಿ ಸಂಘದ ಕಮಿಟಿಯವರು ದೋಸೆ ತಿನ್ನುತ್ತಿದ್ದಾಗ ಒಮ್ಮೆ ಯಾರೋ ಹೂಳುವುದು ನಮ್ಮಲ್ಲಿ ಎಲ್ಲಿದೆ, ಅದು ಕ್ರಿಶ್ಚಿಯನ್ನರದು ಎಂದು ನಕ್ಕಿದ್ದರು. ಹೊಸದಾಗಿ ಸೆಕ್ರೆಟರಿಯಾಗಿದ್ದ ವಿರುಪಾಕ್ಷನೂ ಅವರ ಜೊತೆ ನಕ್ಕುಬಿಟ್ಟಿದ್ದ. ಈ ದೇಶದಲ್ಲಿ ಬಿಳಿಯರ ಕಣ್ಣಿಗೆ ಬೇರೆಯಾಗಿ ಕಂಡರೆ ಅವನಿಗೇನೂ ಅನಿಸುತ್ತಿರಲಿಲ್ಲ. ತನ್ನವರ ನಡುವೆಯೇ ಬೇರೆಯಾಗಿ ಕಾಣುವುದು ಅವನಿಗೆ ಆಗುತ್ತಿರಲಿಲ್ಲ.

"ಎಲ್ಲಾರಿಗೂ ಮೆಸೇಜ್ ಹೋಗೇತಿ. ಪುರೋಹಿತರೂ ಬಂದಾರ. ಈಗ ಏನಂತ ಹೇಳ್ಲಿ?"

"ಅವ್ವ ಹಿಂಗ ಹೇಳಿದ್ಲು ಅಂತ ಹೇಳು."

ಅಸ್ಥಿಯನ್ನು ಧಾರವಾಡಕ್ಕೆ ಒಯ್ದು ಅಲ್ಲೇ ಮಣ್ಣಿಗೆ ಹಾಕೋಣ, ಅದೂ ಮಣ್ಣೇ ಅಲ್ಲವೇ ಎಂದ ವಿರುಪಾಕ್ಷ. ಅಪ್ಪನಿಗೆ ಆಮೇಲೆ ಸಮಾಧಾನವಾಗಿ ತಿಳಿಸುತ್ತೇನೆ, ಈಗ ಹೇಳಿದರೆ ಅವನ ಜೀವಕ್ಕೇ ಕುತ್ತು ಎಂದ. ಹೊರಗೆ ಒಂದೊಂದೇ ಕಾರು ಬಂದು ನಿಲ್ಲುತ್ತಿತ್ತು. ಶ್ರೀದೇವಿಗೆ ಅಲ್ಲೇ ಕೂಗಿ ರಂಪ ಮಾಡಬೇಕೆನಿಸಿತು. ಮಾಡಿದ್ದರೆ ಒಳ್ಳೆಯದಿತ್ತು. ಅವಳು ಕೈಚಾಚಿ ಲಿಂಗವನ್ನು ಅರಿವೆ ಸಮೇತ ಇಸಿದುಕೊಂಡು ಬ್ಯಾಗಿನಲ್ಲಿಟ್ಟು, ಅಪ್ಪನ ಪಕ್ಕ ಹೋಗಿ ಕೂತಳು.

"ಕುಣಿ ತೋಡಿ ಇಟ್ಟಾರೇನ ಯವ್ವಾ?" ಎಂದು ಬಾಳಪ್ಪ ಕೇಳಿದ.

ಹೂಂ ಎಂದಳು ಶ್ರೀದೇವಿ. ಅಣ್ಣನದೊಂದು ಹೂಂ, ತಂಗಿಯದೊಂದು.

* * *

ಕ್ರಿಮೆಟೋರಿಯಮ್ಮಿನ ಸುತ್ತ ಗುಲಾಬಿ ತೋಟವಿತ್ತು, ಹುಲ್ಲು ಕತ್ತರಿಸಿದ ಬಯಲಿತ್ತು. ಬಾಳಪ್ಪ ಕಾರಿನಿಂದಿಳಿದು ಸುತ್ತ ಕಣ್ಣಾಡಿಸಿದ. ಇದು ಆ ಜಾಗ ಅಲ್ಲವಲ್ಲ ಎಂದ. ಮೊದಲು ಇಲ್ಲಿ ಪೂಜೆ, ಆಮೇಲೆ ಮುಂದಿನದು ಎಂದು ಮಗ ಹೇಳಿದ. ಅದನ್ನೂ ನಂಬಿದ. ಮೂವತ್ತು ವರ್ಷ ಬಸ್ಸಿನಲ್ಲಿ ಸುಳ್ಳು ಹೇಳಿದವರನ್ನು ಮುಖ ನೋಡಿ ಹಿಡಿಯುತ್ತಿದ್ದ ಮನುಷ್ಯ ಮಗನ ಮುಖ ನೋಡಿಯೂ ನಂಬಿದ.

ನೋರೀನ್ ಬಂದಳು. ಕರಿಯ ಅಂಗಿಯ ಕೆಳಗೆ ದಪ್ಪ ಅಟ್ಟೆಯ ಬೂಟು ಹಾಕಿದ್ದಳು. ಸ್ಮಶಾನದ ನೆಲದಲ್ಲಿ ನಿಲ್ಲಬೇಕಾಗುತ್ತದೆ ಎಂದು ಎಣಿಸಿಯೇ ಹೊರಟಿದ್ದಳು. ಬಾಳಪ್ಪನ ಕೈ ಹಿಡಿದು ಒತ್ತಿ, ಆಮೇಲೆ ವಿರುಪಾಕ್ಷನ ಹತ್ತಿರ ಹೋಗಿ, ಇಲ್ಲಿಂದ ಡೆನ್ನಿಸ್ ಇರುವಲ್ಲಿಗೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದಳು. ಅವನು ಮೆತ್ತಗೆ ವಿಷಯ ತಿಳಿಸಿದ. ಶಿವಲಿಂಗವ್ವ ನನಗೆ ಜಾಗ ತೋರಿಸಿದ್ದಳಲ್ಲ ಎಂದಳು ಆಕೆ. ಇದು ಫ್ಯಾಮಿಲಿ ಡಿಸಿಶನ್ ಎಂದ ವಿರುಪಾಕ್ಷ. ಫ್ಯಾಮಿಲಿ ಎಂದ ಮೇಲೆ ನೆರೆಮನೆಯವಳಿಗೆ ಮುಂದೆ ಮಾತಿಲ್ಲ. ನೋರೀನ್ ಹಿಂದಿನ ಸಾಲಿಗೆ ಹೋಗಿ ಕೂತಳು.

ಪುರೋಹಿತರು ಮಂತ್ರ ಹೇಳಿದರು. ಭಾಸ್ಕರ ಎಲ್ಲರಿಗೂ ಹೂ ಹಂಚಿದ. ವಿರುಪಾಕ್ಷ ಮೈಕಿನ ಮುಂದೆ ನಿಂತು ತಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದ. ನಮ್ಮವ್ವ ಎಲ್ಲಿದ್ದರೂ ಅಡ್ಜಸ್ಟ್ ಮಾಡಿಕೊಂಡು ಹೋದಳು, ಯಾವುದಕ್ಕೂ ಹಟ ಮಾಡಿದವಳಲ್ಲ ಎಂದ. ಜನ ಕಣ್ಣೊರೆಸಿಕೊಂಡರು. ಶ್ರೀದೇವಿ ಅಣ್ಣನ ಬಾಯನ್ನೇ ನೋಡುತ್ತಾ ಕೂತಿದ್ದಳು, ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ.

ಪರದೆ ಮುಚ್ಚಿತು, ಪೆಟ್ಟಿಗೆ ಮರೆಯಾಯಿತು. ಬಾಳಪ್ಪ ಎದ್ದ. ಪೆಟ್ಟಿಗೆಯನ್ನು ಹಿಂದಿನ ಬಾಗಿಲಿಂದ ಕುಣಿಯ ಕಡೆಗೆ ಒಯ್ಯುತ್ತಾರೆ ಎಂದುಕೊಂಡು, ಚಪ್ಪಲಿ ಬಿಟ್ಟು, ಧೋತರ ಮೇಲೆತ್ತಿ ಕಟ್ಟಿ, ಪಕ್ಕದ ಬಾಗಿಲಿಂದ ಹೊರಬಿದ್ದ. ಬಾತ್‌ರೂಮಿಗಿರಬೇಕೆಂದು ಯಾರೂ ತಡೆಯಲಿಲ್ಲ.

ಶ್ರೀದೇವಿ ಹಿಂದೆಯೇ ಓಡಿದಳು. ಕಟ್ಟಡದ ಹಿಂದೆ ಸಿಮೆಂಟಿನ ಅಂಗಳ, ನಿಂತಿದ್ದ ಒಂದು ವ್ಯಾನು, ಒಳಗಿನ ಒಲೆಗೆ ಗುಂಯ್ ಅನ್ನುತ್ತಿದ್ದ ಗೋಡೆ. ಬಾಳಪ್ಪ ಬರಿಗಾಲಲ್ಲಿ ಆ ಕಡೆ ಈ ಕಡೆ ನೋಡುತ್ತಿದ್ದ.

"ಎಲ್ಲೈತಿ ಕುಣಿ?"

ಶ್ರೀದೇವಿ ಬ್ಯಾಗಿನಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. ಬಾಳಪ್ಪ ಲಿಂಗ ನೋಡಿದ, ತಾನೇ ಕಟ್ಟಿದ್ದ ಅರಿವೆ ನೋಡಿದ, ಆಮೇಲೆ ಗೋಡೆ ನೋಡಿದ.

"ಸುಡಾಕತ್ತಾರೇನ?"

"ಹೂಂ ಅಪ್ಪಾ."

"ನಿನಗ ಗೊತ್ತಿತ್ತೇನ?"

"ಮುಂಜಾನೆ ಗೊತ್ತಾತು."

ಬಾಳಪ್ಪ ಲಿಂಗವನ್ನು ಎರಡು ಕೈಯಲ್ಲಿ ತಗೊಂಡು ಕಣ್ಣಿಗೊತ್ತಿ, ತನ್ನ ಕೊರಳಲ್ಲಿದ್ದ ಲಿಂಗದ ಜೊತೆಗೇ ಕಟ್ಟಿಕೊಂಡ. ನಾ ಹೋಗುವಾಗ ಎರಡೂ ಒಯ್ತೀನಿ ಎಂದ, ಮಗಳಿಗಲ್ಲ, ತನಗೇ. ಆಮೇಲೆ ಮಗಳ ಕಡೆ ತಿರುಗಿದ.

"ಅಕಿ ಕಿವ್ಯಾಗ ನಾನ ಹೇಳೇನಿ, ನಿನ್ನ ಜಾಗಕ್ಕ ಒಯ್ತೀವಿ ಅಂತ. ಅಂಜಬ್ಯಾಡ ಅಂತ. ಕಡೀಗಾಲಕ್ಕ ನನ್ನ ಬಾಯಿಲೆ ಸುಳ್ಳ ಹೇಳಿಸಿದ್ರಲ್ಲ ಯವ್ವಾ."

ಶ್ರೀದೇವಿ ಅಲ್ಲೇ ಸಿಮೆಂಟಿನ ಮೇಲೆ, ಅಪ್ಪನ ಕಾಲ ಹತ್ತಿರ ಕೂತಳು. ವಿರುಪಾಕ್ಷ, ಅವನ ಹಿಂದೆ ಭಾಸ್ಕರ, ನೋರೀನ್ ಬಂದರು. ಯಾಕೆ, ಏನಾಯಿತು ಎಂದು ಭಾಸ್ಕರ ಕೇಳಿದ. ಶ್ರೀದೇವಿ ಕೂತಲ್ಲಿಂದಲೇ ಎಲ್ಲವನ್ನೂ ಹೇಳಿಬಿಟ್ಟಳು, ಅವ್ವ ಕೇಳಿದ್ದು, ಅಣ್ಣ ಒಪ್ಪಿದ್ದು, ನಮ್ಮಲ್ಲಿ ಸುಡುವುದಿಲ್ಲ ಎಂಬುದು. ಭಾಸ್ಕರ ವಿರುಪಾಕ್ಷನ ಕಡೆ ತಿರುಗಿದ.

"ವಿರೂ, ನನಗೊಂದು ಮಾತು ಹೇಳಬಾರದಿತ್ತಾ? ಒಂದು ಫೋನ್‌ನಲ್ಲಿ ಚೇಂಜ್ ಮಾಡಿಸ್ತಿದ್ದೆ. ಯಾರಪ್ಪಾ ಬೇಡ ಅಂತಿದ್ರು?"

 ಯಾರೂ ಬೇಡ ಅನ್ನುತ್ತಿರಲಿಲ್ಲ. ಯಾರ ಅಂಜಿಕೆಗೆ ವಿರುಪಾಕ್ಷ ತಾಯಿಯನ್ನು ಸುಟ್ಟನೋ ಆ ಜನ ಅಂಜಿಸುವವರೇ ಆಗಿರಲಿಲ್ಲ. ಅವನು ಓಡಿಹೋಗಿ ತನ್ನ ಕಾರು ತಂದು, ಬಾಗಿಲು ತೆಗೆದು ಹಿಡಿದು, ಅಪ್ಪಾ ಮನೀಗೆ ಹೋಗೋಣು ಬಾ ಎಂದ. ಬಾಳಪ್ಪ ತೆರೆದ ಬಾಗಿಲನ್ನು ದಾಟಿ ಮುಂದೆ ನಡೆದು ನೋರೀನಳ ಸಣ್ಣ ಕಾರಿನ ಹತ್ತಿರ ನಿಂತ. ಆಕೆ ಅವನನ್ನು ಮುಂದೆ ಕೂರಿಸಿ, ಬೆಲ್ಟ್ ಹಾಕಿದಳು. ಶ್ರೀದೇವಿ ಹಿಂದೆ ಹತ್ತಿದಳು. ಎಲ್ಲಿಗೆ ಎಂದು ನೋರೀನ್ ಕೇಳಲಿಲ್ಲ.

ಡೆನ್ನಿಸನ ಕಲ್ಲಿನ ಪಕ್ಕದ ನೆಲ ಹಾಗೇ ಖಾಲಿ ಇತ್ತು. ಬಾಳಪ್ಪ ಅಲ್ಲಿ ಮೊಣಕಾಲೂರಿ ಉಗುರಿನಿಂದಲೇ ಹುಲ್ಲು ಕೆದರತೊಡಗಿದ. ನೆಲ ಗಟ್ಟಿಯಿತ್ತು. ನೋರೀನ್ ಕಾರಿನಿಂದ ಕಳೆ ತೆಗೆಯುವ ಕುರುಚಿಗೆ ತಂದು ಕೊಟ್ಟಳು. ಊರಲ್ಲಿ ಮಣ್ಣಿಗೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಕೊಟ್ಟು ಹೋಗುತ್ತಾರೆ. ಬಾಳಪ್ಪ ಅಗೆದ ಮಣ್ಣನ್ನು ಮುಷ್ಟಿ ತುಂಬ ಎತ್ತಿ, ಕೆಳಗೆ ಯಾರೂ ಇಲ್ಲದ ಆ ನೆಲಕ್ಕೆ ಮೂರು ಸಲ ಕೊಟ್ಟ. ನೋರೀನ್ ಅವನು ಮಾಡಿದ್ದು ನೋಡಿ, ಬಗ್ಗಲಾರದೆ ಬಗ್ಗಿ, ಹಾಗೆಯೇ ಮಾಡಿದಳು. ಶ್ರೀದೇವಿ ಅಪ್ಪನ ಮುಖ ನೋಡಿದಳು. ಅವನು ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವಳು ಅಳುತ್ತಲೇ ಮಣ್ಣು ಕೊಟ್ಟಳು.

ಅಷ್ಟರಲ್ಲಿ ಅವರ ಕಾರಿನ ಬೆನ್ನು ಹತ್ತಿ ವಿರುಪಾಕ್ಷನೂ ಬಂದ. ಸೂಟಿನಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ತಗೊಂಡು ಕೈ ಮುಂದೆ ಚಾಚಿದ. ಬಾಳಪ್ಪ ಮಗನ ಮಣಿಕಟ್ಟು ಹಿಡಿದ. ಬೈಯಲಿಲ್ಲ. ಕೈಯನ್ನು ಮಗ್ಗುಲಿಗೆ ತಿರುಗಿಸಿ ಮಣ್ಣನ್ನು ಹುಲ್ಲಿನ ಮೇಲೆ ಸುರಿಸಿದ. ಆಮೇಲೆ ಧೋತರದ ಚುಂಗು ಹಿಡಿದು, ಆಡಿ ಬಂದ ಸಣ್ಣ ಹುಡುಗನ ಕೈ ಒರೆಸುವಂತೆ, ಅಂಗೈಯನ್ನೂ ಬೆರಳ ಸಂದುಗಳನ್ನೂ ಒಂದು ಕಣ ಮಣ್ಣು ಉಳಿಯದ ಹಾಗೆ ಒರೆಸಿ ಬಿಟ್ಟ.